ಒಳಸಾಲು, ಹೊರಸಾಲು

ಪಟ್ಟಿ ಮಾಡುವುದು ಹೆಂಗಸರಾದ ನಮಗೆ ಹೊಸತಲ್ಲ. ಕಿರಾಣಿ ಚೀಟಿಯಲ್ಲಿ ‘ಬೇಳೆ’ ಎಂದು ಬರೆದು, ಅದರಡಿ ತುಸು ಒಳಗೆ ಸರಿಸಿ ತೊಗರಿ, ಕಡಲೆ, ಹೆಸರು ಎಂದು ಬರೆಯುತ್ತೇವೆ. ಪಟ್ಟಿಯೊಳಗೊಂದು ಪಟ್ಟಿ ಎಂದರೆ ಇಷ್ಟೇ.

ಕನ್ನಡಕ್ಕೂ ಇದು ಹಳೆಯ ಅಭ್ಯಾಸ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ವನ್ನು ಸಂಧಿ, ನಾಮ, ಸಮಾಸ ಮೊದಲಾದ 8 ಪ್ರಕರಣಗಳಾಗಿ ವಿಂಗಡಿಸಿದ, ನಾಮದೊಳಗೆ ಮತ್ತೆ ಲಿಂಗ, ವಿಭಕ್ತಿ, ವಚನ. ಓಲೆಗರಿಯಲ್ಲಿ ಸಾಲುಗಳು ತುದಿಯಿಂದ ತುದಿಗೆ ತುಂಬಿರುತ್ತಿದ್ದವು. ಯಾವುದು ಯಾವುದರೊಳಗಿನದು ಎಂಬುದನ್ನು ಮಾತೇ ತಿಳಿಸಬೇಕಿತ್ತು.

ಕಂಪ್ಯೂಟರಿನಲ್ಲಿ ಅದಕ್ಕೊಂದು ಕೀಲಿಯಿದೆ. ವರ್ಡ್‌ನಲ್ಲಿ ಪಟ್ಟಿಯ ಸಾಲಿನ ಮೊದಲಿಗೆ ಟ್ಯಾಬ್ ಒತ್ತಿದರೆ ಸಾಲು ಒಂದು ಮೆಟ್ಟಿಲು ಒಳಗೆ ಹೋಗುತ್ತದೆ. ಶಿಫ್ಟ್ ಹಿಡಿದು ಒತ್ತಿದರೆ ಹೊರಗೆ ಬರುತ್ತದೆ. ಆದರೆ ಕನ್ನಡದವರಿಗೊಂದು ತೊಡಕಿತ್ತು. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಒಳಪಟ್ಟಿಯ ಎ, ಬಿ, ಸಿಗಳಿಗೆ ಆ ಫಾಂಟು ತಗುಲಿತೆಂದರೆ ಅರ್ಥವಿಲ್ಲದ ಅಕ್ಷರ ಮೂಡುತ್ತಿತ್ತು. 1991ರ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆ ಕೊಟ್ಟಿತು. ಆದರೂ 1998ರಲ್ಲಿ ಬಂದ ‘ಬರಹ’, ಅನಂತರದ ‘ನುಡಿ’ ತಂತ್ರಾಂಶಗಳ ಹಳೆಯ ಫಾಂಟುಗಳು ಬಹುಕಾಲ ಬಳಕೆಯಲ್ಲಿದ್ದವು.

ಇಳಕಲ್ಲಿನಲ್ಲಿ ಸೀರೆ ನೇಯುವ ನಮ್ಮ ನೆಂಟರ ಮನೆಯವರು ಒಂದು ಸೀರೆಗೆ ಏನೇನು ಹಿಡಿಯುತ್ತದೆಂದು ಗಿರಾಕಿಗಳಿಗೆ ತೋರಿಸಲು ಪಟ್ಟಿ ಬರೆದು, ಟೈಪು ಮಾಡಲು ನನಗೆ ಕೊಟ್ಟರು. ಒಡಲು, ದಡಿ, ಸೆರಗು ಹೊರಸಾಲುಗಳು. ದಡಿಯೊಳಗೆ ಚಿಕ್ಕಿ, ಗೋಮಿ. ಸೆರಗಿನೊಳಗೆ ತೋಪು ತೆಣಿ. ಒಡಲಿನ ಹಾಸು, ಸೆರಗಿನ ಹಾಸು ಬೇರೆಬೇರೆ ಮಾಡಿ ಕೊಂಡಿಯಿಂದ ಜೋಡಿಸುವುದು ಈ ಸೀರೆಯ ವಿಶೇಷ. ಕೊನೆಗೆ ಕೂಲಿಯ ಭಾಗ: ‘ನೇಯ್ಗೆ’ ಒಂದು ಹೊರಸಾಲು, ‘ಇತರೆ’ ಇನ್ನೊಂದು. ಕಂಡಿಕೆ ಸುತ್ತುವುದು ‘ಇತರೆ’ಯ ಒಳಸಾಲಾಗಿತ್ತು.

ಕಂಡಿಕೆ ಸುತ್ತುವವರು ಆ ಮನೆಯ ಹೆಂಗಸರು. ವೈನಿ ಪರದೆ ನೋಡಿ, “ಕಂಡಿಕಿ ಸುತ್ತಲಿಲ್ಲಂದ್ರ ಮಗ್ಗ ನಿಂತ ಹೋಗತೈತಿ. ಅದ್ಯಾಕ ‘ಇತರೆ’ ಒಳಗ ಕುಂತೈತವಾ?” ಎಂದರು.

ಸಾಲು ಒಳಗಿದ್ದ ಮಾತ್ರಕ್ಕೆ ಕೆಲಸ ಸಣ್ಣದಲ್ಲ. ಆದರೆ ಲೆಕ್ಕ ಹಾಕುವವರ ಕಣ್ಣು ಮೊದಲು ಹೊರಸಾಲಿನ ಮೇಲೆಯೇ ಬೀಳುತ್ತದೆ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದೆ. ‘ಕಂಡಿಕೆ’ಯ ಸಾಲು ‘ನೇಯ್ಗೆ’ಯ ಸಮಕ್ಕೆ ಬಂತು, ಸಂಖ್ಯೆಗಳು ತಾವಾಗಿಯೇ ಬದಲಾದವು. ಅದರ ಮುಂದೆ ಎಷ್ಟು ರೂಪಾಯಿ ಎಂದು ಬರೆಯುವುದನ್ನು ಮಾತ್ರ ಯಾವ ಕೀಲಿಯೂ ಮಾಡಲಾರದು. ಆ ಮಾತು ಮನೆಯೊಳಗೇ ಆಗಬೇಕಿತ್ತು. ವೈನಿ ಅಂದೇ ಅದನ್ನು ಎತ್ತಿದರು.