ಹೊಳೆನರಸೀಪುರದ ಬಲ್ಬಿಗೆ ಎಲ್ಲಿಯ ಕರೆಂಟು?

ಹಾಸನ ಸೀಮೆಯವರು ಕರೆಂಟಿನ ಕಂಬವನ್ನೇ ಕಾಣದಿದ್ದ ಕಾಲದಲ್ಲಿ ನಮ್ಮ ಹೇಮಾವತಿಯ ನೀರು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿತ್ತು. ಮೂಡಿಗೆರೆ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರ, ಗೊರೂರು ದಾಟಿ, ಹೊಳೆನರಸೀಪುರದ ಮಗ್ಗುಲಲ್ಲೇ ಹರಿದು, ಈ ಹೊಳೆ ಈಗಿನ ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಕಾವೇರಿಯೂ ನಮಗೆ ಹೊರಗಿನವಳಲ್ಲ. ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳನ್ನು ಮುಟ್ಟಿಕೊಂಡೇ ಅವಳು ಮುಂದೆ ಹೋಗುವುದು. ಎರಡೂ ಹೊಳೆಗಳ ನೀರು ಒಂದಾಗಿ ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಡೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾದ ವಿದ್ಯುದಾಗಾರ 1902ರ ಜೂನ್ 30ರಂದು ಕೆಲಸ ಶುರುಮಾಡಿತು. ಅಲ್ಲಿಂದ ಹೊರಟ ತಂತಿ ಸುಮಾರು 147 ಕಿಲೋಮೀಟರ್ ಓಡಿ ಕೆಜಿಎಫ್ ತಲುಪಿತು. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗ ಇಡೀ ಜಗತ್ತಿನಲ್ಲೇ ದೊಡ್ಡ ಸಾಹಸವಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿದ್ದೂ ಇದೇ ಕರೆಂಟಿನಿಂದ.

ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಶಿವನಸಮುದ್ರದ ಯಂತ್ರಗಳು ಸೋಲುತ್ತಿದ್ದವು. ಗಣಿ ಕಂಪನಿಗಳಿಗೆ ಮಾತು ಕೊಟ್ಟಷ್ಟು ಕರೆಂಟು ಕೊಡಲೇಬೇಕಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ನೀರಾವರಿಯ ಜೊತೆಗೆ ಇದೂ ಒಂದು ಮುಖ್ಯ ಕಾರಣ. ಮಂಡ್ಯದ ಗದ್ದೆಯ ಕತೆಯನ್ನು ನಾವು ಚೆನ್ನಾಗಿ ಬಲ್ಲೆವು, ಗಣಿಯ ಕರೆಂಟಿನ ಕತೆಯನ್ನು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಹಾಸನದ ಚರಿತ್ರೆ ಬರೆಯುವವರು ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಶಿಲ್ಪಕ್ಕೆ ಪುಟಗಟ್ಟಲೆ ಕೊಡುತ್ತಾರೆ, ಕೊಡಬೇಕಾದದ್ದೇ. ಆದರೆ ನಮ್ಮ ನೀರು ಬೇರೆಯವರ ದೀಪವಾದದ್ದೂ, ಬೇರೆಯವರ ನೀರು ನಮ್ಮ ದೀಪವಾದದ್ದೂ ನಮ್ಮ ಊರುಗಳ ಚರಿತ್ರೆಯೇ.

ಬೇರೆಯವರ ನೀರು ಎಂದೆ. ಅದು ಶರಾವತಿ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, ಈಗ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿದೆ. 1960ರ ದಶಕದ ನಡುವಿನಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರ ಒಂದೊಂದೇ ಯಂತ್ರ ಹೂಡಿಕೊಂಡು ಬೆಳೆಯಿತು. ಹಳೇ ಮೈಸೂರು ಸೀಮೆಯ ಹಳ್ಳಿಹಳ್ಳಿಗೆ ಕಂಬ ನಡೆದು ಬಂದದ್ದು ಈ ಬಲದಿಂದ. ಚನ್ನರಾಯಪಟ್ಟಣದ ತೆಂಗಿನ ತೋಟದ ಪಂಪು, ಅರಕಲಗೂಡಿನ ಹಿಟ್ಟಿನ ಗಿರಣಿ, ಭಾಗ್ಯಜ್ಯೋತಿಯಲ್ಲಿ ಬಡವರ ಗುಡಿಸಲಿಗೆ ಬಂದ ಒಂದು ಬಲ್ಬು, ಇವೆಲ್ಲದರ ಹಿಂದೆ ಸಾಗರ, ಹೊಸನಗರ ಸೀಮೆಯಲ್ಲಿ ಮನೆ, ಅಡಿಕೆ ತೋಟ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ಎದ್ದುಹೋದ ಸಾವಿರಾರು ಕುಟುಂಬಗಳಿವೆ. ಅವರಲ್ಲಿ ಎಷ್ಟೋ ಮಂದಿ ಬದಲಿಗೆ ಸಿಕ್ಕ ಜಮೀನಿನ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಮುಳುಗಡೆಯ ಸಂಕಟ ನಮಗೂ ಗೊತ್ತು. ಗೊರೂರಿನ ಹೇಮಾವತಿ ಜಲಾಶಯದ ಅಂಚಿನಲ್ಲಿ, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊರೂರಿನ ಕಟ್ಟೆ ಮುಖ್ಯವಾಗಿ ನೀರಾವರಿಯದು. ಅಲ್ಲಿ ಕಿರು ಜಲವಿದ್ಯುತ್ ಇದ್ದರೂ ಅದರಿಂದಲೇ ಜಿಲ್ಲೆ ಬೆಳಗುತ್ತದೆ ಎಂದುಕೊಂಡರೆ ತಪ್ಪು.

ಹಾಗಾದರೆ ಇವತ್ತು ಹೊಳೆನರಸೀಪುರದಲ್ಲಿ ಸ್ವಿಚ್ ಒತ್ತಿದರೆ ಬರುವುದು ಎಲ್ಲಿಯ ಕರೆಂಟು? ಮನೆಯಿಂದ ಹಿಂದಕ್ಕೆ ನಡೆದುಕೊಂಡು ಹೋದರೆ ತಿಳಿಯುತ್ತದೆ. ಮನೆಗೆ ಬರುವ ಸರ್ವಿಸ್ ವೈರು ಕಂಬಕ್ಕೆ ಹೋಗುತ್ತದೆ, ಕಂಬದ ತಂತಿ ಟಿಸಿಗೆ ಹೋಗುತ್ತದೆ. ಟಿಸಿ, ಅಂದರೆ ಬೀದಿ ತುದಿಯಲ್ಲಿ ಎರಡು ಕಂಬದ ನಡುವೆ ಕೂತ ಟ್ರಾನ್ಸ್‌ಫಾರ್ಮರ್. ಅದು 11 ಸಾವಿರ ವೋಲ್ಟನ್ನು ಮನೆಗೆ ತಕ್ಕಷ್ಟು ಇಳಿಸಿ ಕೊಡುತ್ತದೆ. ಆ 11 ಕೆವಿ ತಂತಿಯೇ ಫೀಡರ್. ಪ್ರತಿ ಫೀಡರಿಗೂ ಒಂದು ಹೆಸರಿರುತ್ತದೆ, ಸಾಮಾನ್ಯವಾಗಿ ಅದು ಹೋಗುವ ಹಳ್ಳಿಯದೇ ಹೆಸರು. ಫೀಡರ್ ಹೊರಡುವುದು ಸಬ್‌ಸ್ಟೇಷನ್ನಿನಿಂದ. ನಮ್ಮ ಕಡೆ ಹೋಬಳಿ ಮಟ್ಟದ ಸಬ್‌ಸ್ಟೇಷನ್ನುಗಳು ಸಾಮಾನ್ಯವಾಗಿ 66 ಕೆವಿಯವು. ಕರಾವಳಿಗೋ ಉತ್ತರ ಕರ್ನಾಟಕಕ್ಕೋ ಹೋದರೆ ಇದೇ ಜಾಗದಲ್ಲಿ 110 ಕೆವಿ ಕಾಣುತ್ತೀರಿ. ಹಳೇ ಮೈಸೂರು ಸಂಸ್ಥಾನದ ಗಡಿ ತಂತಿಯಲ್ಲಿ ಇನ್ನೂ ಉಳಿದುಕೊಂಡಿದೆ.

ಅದರ ಹಿಂದೆ 220 ಕೆವಿ, ಅದರ ಹಿಂದೆ 400 ಕೆವಿ. ಹೊಲದ ಮೇಲೆ ಹಾದುಹೋಗುವ ಕಬ್ಬಿಣದ ಗೋಪುರ ಯಾವ ದರ್ಜೆಯದು ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ತಂತಿಯನ್ನು ಹಿಡಿದು ತೂಗುವ ಪಿಂಗಾಣಿ ಬಿಲ್ಲೆಗಳನ್ನು ಎಣಿಸಿದರೆ ಸಾಕು. 66 ಕೆವಿಗೆ ಐದಾರು, 220ಕ್ಕೆ ಹದಿಮೂರು ಹದಿನಾಲ್ಕು, 400ಕ್ಕೆ ಇಪ್ಪತ್ತಕ್ಕೂ ಮೇಲೆ. ಶಾಲೆಯ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಬಸ್ಸಿನ ಕಿಟಕಿಯಲ್ಲಿ ಕೂತು ಎಣಿಸುತ್ತಲೇ ಹೋಗುತ್ತಾರೆ.

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಶಾಂತಿಗ್ರಾಮ ಸಿಗುತ್ತದೆ. ಹೊಯ್ಸಳ ರಾಣಿ ಶಾಂತಲೆಯ ಹೆಸರಿನೊಂದಿಗೆ ಜನ ನೆನೆಯುವ ಊರು. ಇಂದಿನ ನಕ್ಷೆಯಲ್ಲಿ ಅದಕ್ಕೆ ಇನ್ನೊಂದು ಮಹತ್ವವಿದೆ. ಅಲ್ಲಿನ 400 ಕೆವಿ ಸ್ಟೇಷನ್ನಿಗೆ ಘಟ್ಟದ ಕೆಳಗಿನಿಂದ, ಉಡುಪಿ ಜಿಲ್ಲೆಯ ನಂದಿಕೂರಿನಿಂದ, ಜೋಡಿ ಮಾರ್ಗ ಬರುತ್ತದೆ. ನಂದಿಕೂರು, ಯೆಲ್ಲೂರು ಬಳಿ ಇರುವ ಉಷ್ಣ ವಿದ್ಯುತ್ ಸ್ಥಾವರದ್ದು 600 ಮೆಗಾವಾಟ್‌ನ ಎರಡು ಘಟಕ, ಮೊದಲನೆಯದು ಕೆಲಸ ಶುರುಮಾಡಿದ್ದು 2010ರಲ್ಲಿ. ಅಲ್ಲಿ ಉರಿಯುವ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಮಂಗಳೂರಿಗೆ ಬರುತ್ತದೆ. ಸಮುದ್ರದಾಚೆಯ ಗಣಿಯ ಕಲ್ಲಿದ್ದಲು ಯೆಲ್ಲೂರಿನಲ್ಲಿ ಉರಿದು, ಪಶ್ಚಿಮಘಟ್ಟದ ಕಾಡು ಸೀಳಿದ ಗೋಪುರಗಳ ಮೇಲೆ ಹತ್ತಿ ಬಂದು, ಶಾಂತಿಗ್ರಾಮದಲ್ಲಿ ಇಳಿಯುತ್ತದೆ. ಆ ಮಾರ್ಗಕ್ಕಾಗಿ ಮರ ಕಡಿಯುವುದನ್ನು ವಿರೋಧಿಸಿ ಪರಿಸರದ ಕಾಳಜಿಯುಳ್ಳವರು ಹೋರಾಡಿದ್ದರು. ಬೂದಿ, ಹೊಗೆ, ಉಪ್ಪುನೀರಿನಿಂದ ಬಾವಿ ಮತ್ತು ಬೆಳೆ ಕೆಟ್ಟವೆಂದು ಯೆಲ್ಲೂರಿನ ಸುತ್ತಲ ಜನ ವರ್ಷಗಟ್ಟಲೆ ದೂರಿದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟುವಂತೆ ಆ ಸ್ಥಾವರಕ್ಕೆ ಆದೇಶಿಸಿತು. ಯೆಲ್ಲೂರಿಗೂ ನಮ್ಮ ಅಡುಗೆಮನೆಯ ಮಿಕ್ಸಿಗೂ ಸಂಬಂಧವಿಲ್ಲ ಎಂದು ನಾವು ಹೇಳಲಾರೆವು.

ಹಾಗೆಂದು ಶಾಂತಿಗ್ರಾಮಕ್ಕೆ ಬಂದದ್ದೆಲ್ಲ ಯೆಲ್ಲೂರಿನದೇ ಎಂದೂ ಅಲ್ಲ. ಕರೆಂಟಿಗೆ ಗುರುತಿನ ಚೀಟಿಯಿಲ್ಲ. ಎಲ್ಲ ಕೇಂದ್ರಗಳೂ ಒಂದೇ ಜಾಲಕ್ಕೆ ಸುರಿಯುತ್ತವೆ, ಎಲ್ಲ ಊರುಗಳೂ ಅದರಿಂದಲೇ ಎಳೆದುಕೊಳ್ಳುತ್ತವೆ. ಸುರಿದದ್ದೂ ಎಳೆದದ್ದೂ ಕ್ಷಣಕ್ಷಣಕ್ಕೂ ಸರಿದೂಗಬೇಕು. ಆ ತೂಕ ತಪ್ಪದಂತೆ, 50 ಹರ್ಟ್ಸ್ ಕಂಪನಾಂಕ ಏರುಪೇರಾಗದಂತೆ ಬೆಂಗಳೂರಿನ ರಾಜ್ಯ ಭಾರ ರವಾನೆ ಕೇಂದ್ರದಲ್ಲಿ ಹಗಲೂ ರಾತ್ರಿ ಜನ ಕೂತು ನೋಡುತ್ತಾರೆ. ಬಿಸಿಲೇರಿದ ಹೊತ್ತಿನಲ್ಲಿ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಪಾಲು ಜಾಸ್ತಿ. ಸಂಜೆ ಆರರ ಮೇಲೆ ಮನೆಮನೆಯ ದೀಪ, ಟಿವಿ ಹೊತ್ತಿದಾಗ ಶರಾವತಿ, ಕಾಳಿ, ವಾರಾಹಿಯ ನೀರಿನ ಯಂತ್ರಗಳು ತಿರುಗಿ ಆಸರೆಯಾಗುತ್ತವೆ. ಕೈಗಾ ಅಣುಸ್ಥಾವರ ಮತ್ತು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳು ಹಗಲಿರುಳೆನ್ನದೆ ತಳಭಾರ ಹೊರುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗದಿಂದ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಬೆಸೆದುಕೊಂಡಿತು. ಅಂದಿನಿಂದ ಅರಕಲಗೂಡಿನ ಪಂಪೂ ಹಿಮಾಚಲದ ಜಲವಿದ್ಯುತ್ ಯಂತ್ರವೂ ಒಂದೇ ತಾಳಕ್ಕೆ ತಿರುಗುತ್ತಿವೆ.

ಜಿಲ್ಲೆಯೊಳಗೇ ದೊಡ್ಡ ವಿದ್ಯುತ್ ಯೋಜನೆ ತರುವ ಯತ್ನವೂ ನಡೆದಿತ್ತು. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯ ಕಡೆ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿ ಹಳ್ಳಗಳನ್ನು ಸುರಂಗದಲ್ಲಿ ಕೂಡಿಸಿ 200 ಮೆಗಾವಾಟ್ ಪಡೆಯುವ ಗುಂಡ್ಯ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿತು. ಊರವರು ವಿರೋಧಿಸಿದರು. 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ ಅನುಮತಿ ಕೊಡಬಾರದೆಂದಿತು. ಯೋಜನೆ ನಿಂತಿತು. ಅದು ಸರಿಯಾದ ನಿರ್ಧಾರ ಎಂಬುದು ನನ್ನ ಗಟ್ಟಿ ನಂಬಿಕೆ. ಬಿಸಲೆ ಸುತ್ತಿನ ಆ ಕಾಡು ಹೋದರೆ ಯಾವ ಮೆಗಾವಾಟೂ ಅದನ್ನು ತಂದುಕೊಡಲಾರದು. ಆದರೆ ಅದೇ ಹಳ್ಳಗಳ ನೀರು ಈಗ ಬೇರೆ ಹೆಸರಿನಲ್ಲಿ ಹೊರಟಿದೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ಯೋಜನೆ, ಪಂಪು ಹಚ್ಚಿ ಘಟ್ಟದ ನೀರನ್ನು ಮೇಲಕ್ಕೆತ್ತಿ ಕೋಲಾರ, ಚಿಕ್ಕಬಳ್ಳಾಪುರದವರೆಗೆ ಒಯ್ಯಬೇಕೆಂದು ಹೊರಟದ್ದು. ಕರೆಂಟು ಕೊಡಬೇಕಿದ್ದ ನೀರು ಕರೆಂಟು ತಿನ್ನುವ ನೀರಾಗಿದೆ. 1902ರಲ್ಲಿ ಹಾಸನದ ನೀರಿನ ಕರೆಂಟು ಕೋಲಾರಕ್ಕೆ ಹೋಯಿತು, ಈಗ ನಾಡಿನೆಲ್ಲ ಕಡೆಯ ಕರೆಂಟು ಸೇರಿ ಹಾಸನದ ನೀರನ್ನೇ ಕೋಲಾರಕ್ಕೆ ದೂಡಬೇಕಾಗಿದೆ. ಕೋಲಾರದವರ ಬಾಯಾರಿಕೆ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ನೀರಿನ ಒಂದೊಂದು ಕೊಡಕ್ಕೆ ಎಷ್ಟು ಯೂನಿಟ್ಟು ಎಂಬ ಲೆಕ್ಕ ಎರಡೂ ಜಿಲ್ಲೆಯವರ ಮುಂದೆ ಇರಬೇಕು.

ನಮ್ಮಲ್ಲೇ ನೀರಿಗೂ ಕರೆಂಟಿಗೂ ಇರುವ ನಂಟು ಇನ್ನೂ ಬಿಗಿ. ಕಾಚೇನಹಳ್ಳಿ, ಕಾಮಸಮುದ್ರದಂಥ ಏತ ನೀರಾವರಿಗಳು ನಡೆಯುವುದು ಕರೆಂಟಿದ್ದರೆ ಮಾತ್ರ. ಚನ್ನರಾಯಪಟ್ಟಣದ ಒಣ ಸೀಮೆಯಲ್ಲಿ ನೂರಾರು ಅಡಿ ಆಳದ ಕೊಳವೆಬಾವಿಯೇ ತೆಂಗಿಗೆ ಜೀವ. ಹತ್ತು ಎಚ್‌ಪಿವರೆಗಿನ ಐಪಿ ಸೆಟ್ಟಿಗೆ, ಅಂದರೆ ನೀರಾವರಿ ಪಂಪಿಗೆ, ಕರೆಂಟು ಉಚಿತ, ಆದರೆ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ತಾಸಿನ ಲೆಕ್ಕದಲ್ಲಿ, ಅದೂ ಕಂತುಕಂತಾಗಿ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿಗೊಂದು ಫೀಡರ್, ಪಂಪಿಗೊಂದು ಫೀಡರ್ ಎಂದು ಬೇರೆಬೇರೆಯಾಯಿತು. ಮನೆಯ ದೀಪ ಆರದೆ ಉಳಿಯಿತು, ತೋಟದವನ ಜಾಗರಣೆ ಮಾತ್ರ ತಪ್ಪಲಿಲ್ಲ. ಸರಿರಾತ್ರಿ ತ್ರೀ ಫೇಸ್ ಬಂದರೆ ಟಾರ್ಚು ಹಿಡಿದು ಹಾವು ಹಂದಿಯ ಭಯದಲ್ಲಿ ಗೇಟ್‌ವಾಲ್ ತಿರುಗಿಸಲು ಹೋಗಬೇಕು. ಅರಕಲಗೂಡು, ಹಾಸನದ ಆನೆ ಓಡಾಡುವ ಅಂಚಿನ ಹಳ್ಳಿಗಳಲ್ಲಿ ಇದು ಪ್ರಾಣದ ಮಾತು. ಸೌರ ವಿದ್ಯುತ್ತು ಹಗಲಲ್ಲೇ ಹೇರಳವಾಗಿರುವ ಈ ದಿನಗಳಲ್ಲಿ ಪಂಪಿನ ಪಾಳಿಯನ್ನು ಪೂರ್ತಿ ಹಗಲಿಗೆ ತರಲೇಬೇಕು. ಸಬ್‌ಸ್ಟೇಷನ್ನುಗಳ ಬಳಿಯೇ ಸೌರ ಘಟಕ ಕಟ್ಟಿ ಪಂಪಿನ ಫೀಡರಿಗೆ ಕೊಡುವ ಕುಸುಮ್ ಯೋಜನೆ ನಮ್ಮ ತಾಲ್ಲೂಕುಗಳಿಗೆ ಬೇರೆಲ್ಲಕ್ಕಿಂತ ಹೆಚ್ಚು ಒಗ್ಗುತ್ತದೆ.

ಇದನ್ನೆಲ್ಲ ನಡೆಸುವವರ ಬೋರ್ಡು ಹಲವು ಸಲ ಬದಲಾಗಿದೆ. 1957ರ ವಿದ್ಯುತ್ ಮಂಡಳಿ ಮುಂದೆ ಕೆಇಬಿ ಎನಿಸಿತು. ಅದು ಹೋಗಿ ಸಾಗಾಣಿಕೆಗೆ ಕೆಪಿಟಿಸಿಎಲ್ ಬಂತು. 2002ರಲ್ಲಿ ವಿತರಣೆ ಬೇರೆಯಾದಾಗ ಹಾಸನ ಮಂಗಳೂರಿನ ಮೆಸ್ಕಾಂಗೆ ಸೇರಿತ್ತು. 2005ರಿಂದ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಪಾಲು. ಜನರ ಬಾಯಲ್ಲಿ ಎಲ್ಲವೂ ಕೆಇಬಿಯೇ. ಜೂನ್ ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದಾಗ ಮಳೆಯಲ್ಲೇ ಕಂಬ ಹತ್ತುವ ಲೈನ್‌ಮ್ಯಾನ್ ಮಾತ್ರ ಯಾವ ಬೋರ್ಡಿನ ಕಾಲದಲ್ಲೂ ಅವನೇ. ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಅನುಮತಿ, ಪಡೆದು, ಫೀಡರ್ ಆಫ್ ಆಗಿದೆಯೆಂದು ಖಚಿತವಾದ ಮೇಲೆಯೇ ಅವನು ಹತ್ತಬೇಕು. ಬೇಗ ಹತ್ತಿ ಸರಿಮಾಡಪ್ಪಾ ಎಂದು ಕೆಳಗೆ ನಿಂತು ಅವಸರ ಮಾಡುವ ನಾವು ಅವನ ಜೀವಕ್ಕೆ ಕುತ್ತು ತರುತ್ತಿರುತ್ತೇವೆ. ಯಾರೋ ಮನೆಯ ಜನರೇಟರನ್ನು ಸರಿಯಾದ ಸ್ವಿಚ್ಚಿಲ್ಲದೆ ಹಚ್ಚಿದರೂ ಸತ್ತ ತಂತಿಗೆ ಹಿಂದಿನಿಂದ ಕರೆಂಟು ಹರಿದು ಅವನನ್ನು ಕೊಲ್ಲಬಹುದು.

2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದು ಬಹುಪಾಲು ಮನೆಗಳ ಬಿಲ್ಲು ಸೊನ್ನೆಯಾಗಿದೆ. ಬಡವರಿಗೆ ಅದರಿಂದಾದ ಉಪಕಾರ ದೊಡ್ಡದು. ಆದರೆ ಬಿಲ್ಲನ್ನು ಓದುವ ಅಭ್ಯಾಸ ಹೋಯಿತು. ದಯವಿಟ್ಟು ಓದಿ. ಅದರಲ್ಲಿ ನಿಮ್ಮ ಆರ್‌ಆರ್ ನಂಬರಿದೆ, ಎಷ್ಟು ಯೂನಿಟ್ ಸುಟ್ಟಿರಿ ಎಂಬುದಿದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಸಾಲು ಕಂಡರೆ ಅದು ಕಲ್ಲಿದ್ದಲಿನ ಬೆಲೆ ನಿಮ್ಮ ಮನೆಯವರೆಗೆ ಬಂದ ಗುರುತು. ನಿಮ್ಮ ಟಿಸಿಯ ಮೇಲೆ ಬರೆದ ಸಂಖ್ಯೆ, ಫೀಡರಿನ ಹೆಸರು, ಅದು ಹೊರಡುವ ಸಬ್‌ಸ್ಟೇಷನ್ ಯಾವುದೆಂದು ಲೈನ್‌ಮ್ಯಾನ್‌ನನ್ನು ಕೇಳಿ ಮೀಟರ್ ಬೋರ್ಡಿನ ಪಕ್ಕ ಬರೆದಿಡಿ. 1912ಕ್ಕೆ ಫೋನ್ ಮಾಡಿ ದೂರು ಕೊಡುವಾಗ ಬರೀ ಕರೆಂಟಿಲ್ಲ ಎನ್ನುವ ಬದಲು ಇಂಥ ಫೀಡರಿನ ಇಂಥ ಟಿಸಿ ಎಂದು ಹೇಳಿದರೆ ಕೆಲಸ ಬೇಗ ಆಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಪಂಪಿನ ಫೀಡರಿಗೆ ಹಗಲು ಪಾಳಿ ಯಾವಾಗ ಬರುತ್ತದೆ ಎಂದು ಹೆಸರು ಹಿಡಿದೇ ಕೇಳಿ.