ತೋನ್ಸೆಪಾರಿನ ಕಂಬಗಲ್ಲು ಮತ್ತು ಅದರೊಳಗಿನ ಫೆರೈಟ್ ಕಣ: ಒಂದು ತಪ್ಪು ಓದಿನ ತಿದ್ದುಪಡಿ

ಮಲ್ಪೆಯ ಎದುರಿನ ತೋನ್ಸೆಪಾರಿನ, ಅಂದರೆ ಸೇಂಟ್ ಮೇರಿ ದ್ವೀಪಗಳ, ಕಂಬಗಲ್ಲುಗಳನ್ನು ಬಸಾಲ್ಟ್ ಎಂದು ಬರೆಯುವ ರೂಢಿ ಇನ್ನೂ ನಿಂತಿಲ್ಲ. ಪ್ರವಾಸಿ ಕೈಪಿಡಿಗಳ ಮಾತು ಬಿಡೋಣ. ಭೂವಿಜ್ಞಾನ ಓದಿದವರೂ ಅದನ್ನೇ ಹೇಳಿದರೆ ಸುಮ್ಮನಿರುವುದು ಕಷ್ಟ. ಈ ದ್ವೀಪಗಳ ಶಿಲೆಗಳ ಬಗ್ಗೆ ನಾಗಣ್ಣನವರು 1966ರಲ್ಲೇ ಬರೆದಿದ್ದರು. 1981ರಲ್ಲಿ ವಲ್ಸಂಗಕರ್, ರಾಧಾಕೃಷ್ಣಮೂರ್ತಿ, ಸುಬ್ಬರಾವ್ ಮತ್ತು ಬೆಕಿನ್ಸೇಲ್ ಇಲ್ಲಿನ ಪುರಾಕಾಂತತ್ವ ಹಾಗೂ ಪೊಟ್ಯಾಸಿಯಂ-ಆರ್ಗಾನ್ ವಯಸ್ಸನ್ನು ಕುರಿತು ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಇವು ಆಮ್ಲೀಯ, ಅಂದರೆ ಸಿಲಿಕಾ ಹೆಚ್ಚಿರುವ, ಅಗ್ನಿಶಿಲೆಗಳೆಂಬುದು ಸ್ಪಷ್ಟವಾಗಿದೆ. ಒಳಪುಟ ತೆರೆಯದಿದ್ದರೂ ತಪ್ಪು ತಪ್ಪಿಸಬಹುದಿತ್ತು.

ತಪ್ಪಿನ ಮೂಲ ಆಕಾರದಲ್ಲಿದೆ. ಆರು ಮುಖದ ಕಂಬ ಕಂಡರೆ ಬಸಾಲ್ಟ್ ಎಂಬ ತೀರ್ಮಾನ. ಆದರೆ ಲಾವಾ ತಣಿಯುವಾಗ ಕುಗ್ಗಿ ಬಿರುಕು ಬಿಡುವುದರಿಂದ ಕಂಬಗಳು ಮೂಡುತ್ತವೆ. ಸಿಲಿಕಾ ಹೆಚ್ಚಿರುವ ಡೇಸೈಟ್, ರಯೊಲೈಟ್‌ಗಳಲ್ಲೂ ಅವು ಮೂಡಬಲ್ಲವು. ದಖನ್ ಲಾವಾದ ಬಾಲವೆಂದು ಇವನ್ನು ಎಣಿಸುವುದೂ ಸಲ್ಲದು. ದಖನ್ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇವು ಅದಕ್ಕಿಂತ ಬಹಳ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು.

ಕಾಂತತ್ವದ ದೃಷ್ಟಿಯಿಂದ ಬಸಾಲ್ಟ್ ಮತ್ತು ಆಮ್ಲೀಯ ಶಿಲೆಯ ಭೇದ ಸಣ್ಣದಲ್ಲ. ಲಾವಾದ ಕಾಂತಸ್ಮರಣೆಯನ್ನು ಹೊರುವುದು ಮ್ಯಾಗ್ನೆಟೈಟ್ ಮತ್ತು ಟೈಟಾನೊಮ್ಯಾಗ್ನೆಟೈಟ್, ಅಂದರೆ ಪ್ರಕೃತಿಯೇ ಮಾಡಿದ ಫೆರೈಟ್. ಇದರ ವಿಲೋಮ ಸ್ಪಿನೆಲ್ ರಚನೆಯಲ್ಲಿ ಚತುರ್ಮುಖ ಮತ್ತು ಅಷ್ಟಮುಖ ಸ್ಥಾನಗಳ ಕಬ್ಬಿಣದ ಅಯಾನುಗಳು ಎದುರುಬದುರು ದಿಕ್ಕಿಗೆ ಕಾಂತೀಕರಣಗೊಂಡಿರುತ್ತವೆ. ಉಳಿಯುವುದು ಅವುಗಳ ವ್ಯತ್ಯಾಸ. ಶುದ್ಧ ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಂತತ್ವ ಉಳಿಸಿಕೊಳ್ಳುತ್ತದೆ. ಟೈಟಾನಿಯಂ ಸೇರಿದಷ್ಟೂ ಈ ಮಿತಿ ಕುಸಿಯುತ್ತದೆ. ಬಸಾಲ್ಟ್‌ನಲ್ಲಿ ಅದು 200 ಡಿಗ್ರಿಯ ಆಸುಪಾಸಿಗೂ ಇಳಿಯಬಹುದು. ಆಮ್ಲೀಯ ಶಿಲೆಗಳಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಕಡಿಮೆ. ಹೆಸರು ತಪ್ಪಾದರೆ ಕಾಂತವಾಹಕದ ಬಗೆಗಿನ ನಿರೀಕ್ಷೆಯೇ ತಪ್ಪುತ್ತದೆ. ಕಣದ ಗಾತ್ರವೂ ಮುಖ್ಯ. ಮ್ಯಾಗ್ನೆಟೈಟ್ ಕಣ ಸುಮಾರು 30 ನ್ಯಾನೋಮೀಟರಿಗಿಂತ ಕಿರಿದಾದರೆ ಕೋಣೆಯ ಉಷ್ಣತೆಯಲ್ಲೇ ದಿಕ್ಕು ಮರೆಯುತ್ತದೆ. ಅದಕ್ಕಿಂತ ತುಸು ದೊಡ್ಡ ಏಕಕ್ಷೇತ್ರ ಕಣವಾದರೆ ಕೋಟಿಗಟ್ಟಲೆ ವರ್ಷ ಹಿಡಿದಿಡುತ್ತದೆ. ಇಂದು ಫೆರೈಟ್ ನ್ಯಾನೋಕಣಗಳ ಪ್ರಯೋಗಾಲಯಗಳಲ್ಲಿ ಬಳಕೆಯಾಗುವ ಈ ಸಿದ್ಧಾಂತವನ್ನು ಲೂಯಿ ನೀಲ್ 1949ರಲ್ಲಿ ಕಟ್ಟಿದ್ದು ಸುಟ್ಟ ಮಣ್ಣಿನ ಕಾಂತತ್ವವನ್ನು ವಿವರಿಸಲು ಎಂಬುದನ್ನು ನಮ್ಮ ಪಠ್ಯಗಳು ಹೇಳಬೇಕು. ಲಾವಾದ ಕಣಗಾತ್ರದ ಪ್ರಶ್ನೆಯನ್ನು ನಮ್ಮಲ್ಲಿ ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣಮೂರ್ತಿ ಪ್ರಮುಖರು. ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೇ ನನ್ನ ಭಾವನೆ.

ಇನ್ನು ವಯಸ್ಸಿನ ಜಗಳ. 1981ರ ಅಂಕಿ ಸುಮಾರು 9.3 ಕೋಟಿ ವರ್ಷ. 2000ದಲ್ಲಿ ಟಾರ್ಸ್ವಿಕ್ ತಂಡ ಜಿರ್ಕಾನ್‌ನ ಯುರೇನಿಯಂ-ಸೀಸ ವಿಧಾನದಿಂದ 9.12 ಕೋಟಿ ಎಂದಿತು. 2001ರಲ್ಲಿ ಪಾಂಡೆ, ಶೇಠ್ ಮತ್ತು ಭೂತಾನಿ ಆರ್ಗಾನ್-ಆರ್ಗಾನ್ ವಿಧಾನದಿಂದ 8.56 ಕೋಟಿ ಎಂದರು. ಕೊನೆಯದು ಹೊಸದೆಂಬ ಒಂದೇ ಕಾರಣಕ್ಕೆ ಅದನ್ನೇ ಅಂತಿಮವೆನ್ನುವುದನ್ನು ನಾನು ಒಪ್ಪುವುದಿಲ್ಲ. ಜಿರ್ಕಾನ್ ಲಾವಾ ಹೊರಬರುವ ಮೊದಲೇ ಹರಳುಗಟ್ಟಿರಬಹುದು, ಹಳೆಯ ಶಿಲೆಯಿಂದ ಬಂದಿರಲೂಬಹುದು. ಇದು ನ್ಯಾಯವಾದ ಆಕ್ಷೇಪ. ಆದರೆ ಶಿಥಿಲಗೊಂಡ ಶಿಲೆಯಿಂದ ಆರ್ಗಾನ್ ಸೋರಿ ವಯಸ್ಸು ಕಡಿಮೆಯಾಗಿ ಕಾಣುವುದೂ ಅಷ್ಟೇ ಸಾಧ್ಯ. ಕಡಲ ಉಪ್ಪುನೀರಿನಲ್ಲಿ ನಿರಂತರ ತೋಯುವ ಕಲ್ಲಿಗೆ ಈ ಎರಡನೆಯ ಶಂಕೆಯನ್ನು ಬಿಡುವಂತಿಲ್ಲ.

ಈ ಜಗಳಕ್ಕೆ ಕಾಂತಧ್ರುವತೆಯನ್ನು ಸಾಕ್ಷಿಗೆ ಕರೆಯುವುದು ವ್ಯರ್ಥ. ಭೂಕಾಂತದ ದಿಕ್ಕು ಸುಮಾರು 12.1 ಕೋಟಿಯಿಂದ 8.3 ಕೋಟಿ ವರ್ಷಗಳ ಹಿಂದಿನವರೆಗೆ ಪಲ್ಟಿಯಾಗದೆ ಉಳಿದಿತ್ತು. ಮೂರೂ ಅಂಕಿಗಳು ಆ ಅವಧಿಯೊಳಗೇ ಬೀಳುತ್ತವೆ. ಧ್ರುವತೆ ಮೂವರನ್ನೂ ಸಮರ್ಥಿಸುತ್ತದೆ, ಆದ್ದರಿಂದ ಯಾರನ್ನೂ ಸಮರ್ಥಿಸುವುದಿಲ್ಲ. ಕಲ್ಲಿನ ಕಾಂತದಿಕ್ಕಿನಿಂದ ಅಕ್ಷಾಂಶ ಲೆಕ್ಕಹಾಕಿ ಕಾಲ ಹೇಳಬಹುದೆಂದು ವಾದಿಸುವವರು, ಮೊದಲು ಯಾವ ಗಾತ್ರದ ಫೆರೈಟ್ ಕಣ ಆ ದಿಕ್ಕನ್ನು ಹೊತ್ತಿದೆ, ಯಾವ ಉಷ್ಣತೆಯಲ್ಲಿ ಅದು ಅಳಿಸುತ್ತದೆ ಎಂಬುದನ್ನು ಪ್ರತಿ ದ್ವೀಪಕ್ಕೂ ಬೇರೆಬೇರೆಯಾಗಿ ತೋರಿಸಬೇಕು. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪದ ಮಾದರಿಯನ್ನೇ ಇಡೀ ಸರಣಿಯ ಪ್ರತಿನಿಧಿಯೆನ್ನಲಾಗದು; ಸರಣಿಯ ಇನ್ನೊಂದು ದ್ವೀಪವಾದ ದರಿಯಾಬಹದ್ದೂರ್‌ಗಢದ ಕಲ್ಲೂ ಅದೇ ಪರೀಕ್ಷೆಗೆ ಒಳಪಡಬೇಕು.