ಪಡಸಾಲೆಯಲ್ಲಿ ಬಿಚ್ಚಿದ ಜಾವಾ

ನಮ್ಮ ಕಡೆ ಮೋಟಾರ್ ಸೈಕಲ್ಲಿಗೆ ಬಹುಕಾಲ ಇದ್ದ ಹೆಸರು ಫಟಫಟಿ. ಯಂತ್ರವನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಕಂಡ ಜನ ಇಟ್ಟ ಹೆಸರು ಅದು. ಹೂವಿನ ಹಿಪ್ಪರಗಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಊರ ಹೊರಗಿನ ಸಪ್ಪಳ ಕೇಳಿಯೇ ಬರುತ್ತಿರುವವರು ಯಾರೆಂದು ಹೇಳಿಬಿಡುತ್ತಿದ್ದರು. ನನ್ನ ಸೋದರಮಾವನ ಜಾವಾ ಗಾಡಿಯ ವಿಷಯದಲ್ಲಂತೂ ಅವರು ಎಂದೂ ತಪ್ಪಿದ್ದಿಲ್ಲ.

ಮಾವ ತೀರಿಕೊಂಡ ಮೇಲೆ 1966ನೆಯ ಇಸವಿಯ ಆ ಗಾಡಿ ದನದ ಕೊಟ್ಟಿಗೆ ಸೇರಿತು. ಅದರ ಮೇಲೆ ಕಣಿಕೆಯ ಸಿವುಡುಗಳು ಬಿದ್ದವು. ಟ್ಯಾಂಕಿನಲ್ಲಿ ಇಲಿ ಸಂಸಾರ ಹೂಡದೆ ಬಿಟ್ಟದ್ದು ಅದರ ಮುಚ್ಚಳ ಗಟ್ಟಿಯಾಗಿದ್ದುದರಿಂದ ಮಾತ್ರ. ಎರಡು ವರ್ಷದ ಹಿಂದೆ ಅದನ್ನು ಹೊರಗೆಳೆದು ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ಬಿಚ್ಚಲು ಕುಳಿತೆ. ಬಿಚ್ಚುವುದು ಸುಲಭವಾಗಿತ್ತು. ತಿರುಗಿ ಕೂಡಿಸುವಾಗ ಒಂದು ಪ್ರಶ್ನೆ ಎದ್ದಿತು. ಅದು ಇತಿಹಾಸದ ಪ್ರಶ್ನೆಯಾದ್ದರಿಂದಲೇ ಈ ಲೇಖನ.

ಜಾವಾದ ಹುಟ್ಟೂರು ಪ್ರಾಗ್. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು ಮೋಟಾರ್ ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲ ಅಕ್ಷರಗಳಿಗೆ ವಾಂಡರರಿನ 'ವಾ' ಸೇರಿಸಿದಾಗ ಆದದ್ದು ಜಾವಾ. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳಿದರೆ ನಮ್ಮ ಮಾವ ಕೊನೆಯವರೆಗೂ ನಂಬಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಚೆಕ್ ದೇಶದ ಈ ಗಾಡಿಗಳು ಲೋಕವನ್ನೆಲ್ಲ ಸುತ್ತಿದವು. 1950ರ ದಶಕದಲ್ಲಿ ಮುಂಬಯಿಯ ಐಡಿಯಲ್ ಮೋಟಾರ್ಸ್ ಸಂಸ್ಥೆ ಅವುಗಳನ್ನು ಹಡಗಿನಲ್ಲಿ ತರಿಸಿ ಮಾರುತ್ತಿತ್ತು. ಸರ್ಕಾರ ಸಿದ್ಧ ವಾಹನಗಳ ಆಮದಿಗೆ ಕಡಿವಾಣ ಹಾಕಿದಾಗ, ಆ ಸಂಸ್ಥೆಯ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಇಲ್ಲಿಯೇ ತಯಾರಿಸುವ ಸಾಹಸಕ್ಕೆ ಕೈಹಾಕಿದರು. ಅವರು ಆರಿಸಿದ್ದು ಮೈಸೂರನ್ನು. ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹ ಅವರಿಗೆ ದೊರೆಯಿತು. ಯಾದವಗಿರಿಯಲ್ಲಿ ಕಾರಖಾನೆ ಎದ್ದು, 1961ರಲ್ಲಿ ಗಾಡಿಗಳು ಹೊರಬೀಳತೊಡಗಿದವು.

ಇಲ್ಲಿ ಒಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ವಿಜಾಪುರ ಜಿಲ್ಲೆಯೂ ಮುಂಬಯಿ ರಾಜ್ಯದ್ದೇ ಆಗಿತ್ತು. 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿತು. ಐದು ವರ್ಷದ ತರುವಾಯ ಜಾವಾ ಕೂಡ ಅದೇ ದಾರಿಯಲ್ಲಿ ನಡೆಯಿತು. ಆದರೂ ನಮ್ಮವರ ಕಾಲು ಮಾತ್ರ ಹಳೆಯ ಚಾಳಿಯನ್ನು ಬಿಡಲಿಲ್ಲ. ಮೈಸೂರು ಆರುನೂರು ಕಿಲೋಮೀಟರಿಗೂ ಮಿಕ್ಕ ದೂರ. ಸೋಲಾಪುರ ರೈಲಿನ ಹಾದಿ. ಹೀಗಾಗಿ ಮೈಸೂರಿನಲ್ಲಿ ಆದ ಗಾಡಿಯ ಬಿಡಿಭಾಗಕ್ಕಾಗಿ ಮಾವ ಬಸವನ ಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಸೋಲಾಪುರಕ್ಕೆ ಹೋಗುತ್ತಿದ್ದರು.

ಈ ಯಂತ್ರವನ್ನು ಮನೆಯಲ್ಲಿಯೇ ಬಿಚ್ಚಬಹುದೆಂಬ ಧೈರ್ಯ ಬರುವುದು ಅದರ ರಚನೆಯಿಂದ. ಟೂ ಸ್ಟ್ರೋಕ್ ಎಂದು ಮೇಸ್ತ್ರಿಗಳು ಕರೆಯುವ ಜಾತಿಯದು. ಒಂದೇ ಸಿಲಿಂಡರು, 65 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಹೊಡೆತ, ಹೆಚ್ಚುಕಡಿಮೆ 250 ಘನ ಸೆಂಟಿಮೀಟರ್, 12 ಅಶ್ವಶಕ್ತಿ. ಕವಾಟಗಳಿಲ್ಲ, ಅವನ್ನು ಎತ್ತಿ ಇಳಿಸುವ ಸರಂಜಾಮಿಲ್ಲ, ಎಣ್ಣೆಯ ಪಂಪಿಲ್ಲ. ಲೀಟರು ಪೆಟ್ರೋಲಿಗೆ ಸುಮಾರು 40 ಮಿಲಿಲೀಟರ್ ಎಣ್ಣೆಯನ್ನು ಟ್ಯಾಂಕಿನಲ್ಲಿಯೇ ಬೆರೆಸಿದರೆ ಆಯಿತು. ಸಿಲಿಂಡರು ಒಂದಾದರೂ ಹೊಗೆಯ ಕೊಳವೆ ಎರಡು. ಗೇರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಒದೆಯುವ ಕಿಕ್ಕರು! ಆ ಸನ್ನೆಯನ್ನು ಕಾಲಿನಿಂದ ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುತ್ತದೆ. ಒಂದು ಉಪಕರಣಕ್ಕೆ ಮೂರು ಕೆಲಸ ವಹಿಸಿದ ಚೆಕ್ ಎಂಜಿನಿಯರನ ಜಾಣತನವನ್ನು ನಮ್ಮ ರೈತರು ಕೂಡಲೇ ಮೆಚ್ಚಿಕೊಂಡರು. ಅವರ ಮನೆಯಲ್ಲಿಯೂ ಒಂದು ಕುಡುಗೋಲು ಹತ್ತು ಕೆಲಸ ಮಾಡುತ್ತದಷ್ಟೆ.

ಬಹಳ ದಿನ ನಿಂತ ಜಾವಾದಲ್ಲಿ ಮೊದಲು ಸಾಯುವುದು ರಬ್ಬರು. ಈ ಜಾತಿಯ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಕೋಣೆಯೇ ಪೆಟ್ರೋಲಿನ ಆವಿಯನ್ನು ಎಳೆದು ಒತ್ತುವ ತಿದಿ. ಅದರ ಪಕ್ಕದ ಸೀಲು ಒಣಗಿ ಬಿರಿದರೆ ಎಂಜಿನ್ನು ಗೇರ್ ಪೆಟ್ಟಿಗೆಯ ಎಣ್ಣೆಯನ್ನೂ ಕುಡಿದು ಇಡೀ ಓಣಿಗೆ ಹೊಗೆ ಹಾಕುತ್ತದೆ. ಸೀಲುಗಳನ್ನೆಲ್ಲ ಬದಲಾಯಿಸಿದೆ. ಸಿಲಿಂಡರು ಸವೆದಿತ್ತು, ಅದನ್ನು ಕೊರೆಯಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಲು ವಿಜಯಪುರದ ಲೇತ್ ಯಂತ್ರದವರೆಗೆ ಹೋಗಬೇಕಾಯಿತು. ಒತ್ತಿ ಜೋಡಿಸಿದ ಕ್ರ್ಯಾಂಕನ್ನು ಬಿಡಿಸುವುದು ಪಡಸಾಲೆಯ ಕೆಲಸವಲ್ಲ. ಕಿಡಿ ಹಾರಿಸುವ ಪಾಯಿಂಟುಗಳ ನಡುವೆ 0.4 ಮಿಲಿಮೀಟರ್ ಅಂತರ ಇಟ್ಟು, ಪಿಸ್ಟನ್ ತುದಿ ಮುಟ್ಟುವುದಕ್ಕೆ ಮೂರು-ನಾಲ್ಕು ಮಿಲಿಮೀಟರ್ ಮುಂಚೆ ಅವು ಬಿಡುವಂತೆ ಹೊಂದಿಸುವುದು ಮಾತ್ರ ಮನೆಯಲ್ಲಿಯೇ, ದೀಪದ ಬೆಳಕಿನಲ್ಲಿ, ಯಾರೂ ಮಾತನಾಡಿಸದ ಹೊತ್ತಿನಲ್ಲಿ ಆಗತಕ್ಕದ್ದು.

ಇಲ್ಲಿಯವರೆಗೆ ತೊಡಕಿಲ್ಲ. ತೊಡಕು ಬಂದದ್ದು ಮುಂದಿನ ಚಕ್ರದ ಮಡ್‌ಗಾರ್ಡಿನಲ್ಲಿ.

ಕಾರಖಾನೆಯಿಂದ ಬಂದ ಜಾವಾದ ಮಡ್‌ಗಾರ್ಡು ಚಕ್ರವನ್ನು ಎರಡೂ ಬದಿಯಿಂದ ಆಳವಾಗಿ ತಬ್ಬಿಕೊಂಡಿರುತ್ತದೆ. ನೋಡಲು ಚೆಲುವು, ಪ್ರಾಗಿನ ಕಲ್ಲುಹಾಸಿನ ಬೀದಿಗೆ ಒಪ್ಪುವ ಚೆಲುವು. ನಮ್ಮದು ಎರೆಯ ನಾಡು. ಮಳೆ ಬಿದ್ದಾಗ ಎರೆ ಮಣ್ಣು ಚಕ್ರಕ್ಕೆ ಮೆತ್ತಿ, ಆ ತಬ್ಬುಗೆಯೊಳಗೆ ತುಂಬಿಕೊಂಡು, ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರ ತಿರುಗದಂತೆ ಬಿಗಿದುಬಿಡುತ್ತದೆ. ಮಾವ ಒಂದು ಮುಂಗಾರನ್ನು ಕಡ್ಡಿಯಿಂದ ಮಣ್ಣು ಕೆದಕುತ್ತ ಕಳೆದರಂತೆ. ಮರುವರ್ಷ ಊರ ಕಮ್ಮಾರನ ಕೈಯಿಂದ ಆ ಬದಿಗಳನ್ನು ನಾಲ್ಕು ಬೆರಳು ಕತ್ತರಿಸಿ, ಅಂಚನ್ನು ಮಡಿಸಿ, ಇಡೀ ಮಡ್‌ಗಾರ್ಡನ್ನು ಸ್ವಲ್ಪ ಮೇಲಕ್ಕೆತ್ತಿ ಕೂಡ್ರಿಸಿದರು. ಹಿಂದೆ ಬೀಜದ ಚೀಲಕ್ಕಾಗಿ ಕಬ್ಬಿಣದ ಅಡ್ಡಪಟ್ಟಿಯೊಂದನ್ನು ಬೆಸೆಯಿಸಿದರು. ಸರಪಳಿಯನ್ನು ಪೂರ್ತಿ ಮುಚ್ಚಿದ್ದ ತಗಡಿನ ಕವಚವನ್ನು ಮಾತ್ರ ಮುಟ್ಟಲಿಲ್ಲ. ಧೂಳಿನ ನಾಡಿನಲ್ಲಿ ಅದರ ಬೆಲೆ ಅವರಿಗೆ ತಿಳಿದಿತ್ತು.

ಈಗ ನಾನು ಮಾಡಬೇಕಾದುದೇನು? ಹಳೆಯ ಗಾಡಿಯ ಪ್ರೇಮಿಗಳನ್ನು ಕೇಳಿದರೆ ಉತ್ತರ ಒಂದೇ: 'ಮೂಲರೂಪಕ್ಕೆ ತನ್ನಿ.' ಈ ಪ್ರೇಮಿಗಳ ಬಗೆಗೆ ನನಗೆ ಗೌರವವಿದೆ. 1970ರ ದಶಕದಲ್ಲಿ ಮೈಸೂರಿನ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂದಿತು. ಇರಾನಿನ ಯಜ್ದ್ ಊರಿನ ನೆನಪೆನ್ನುವವರುಂಟು, 'ಸವಾರಿ ಮಾಡುತ್ತಾನೆ' ಎಂಬ ಚೆಕ್ ಮಾತೆನ್ನುವವರೂ ಉಂಟು. 1980ರ ದಶಕದ ನಡುವಿನಿಂದ ಜಪಾನೀ ಮಾದರಿಯ 100 ಸಿ.ಸಿ. ಗಾಡಿಗಳು ಕಡಿಮೆ ಪೆಟ್ರೋಲಿನಲ್ಲಿ ಓಡಿ ಗಿರಾಕಿಗಳನ್ನು ಒಯ್ದವು. ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರಖಾನೆ ಮುಚ್ಚಿತು. ಆ ಬಳಿಕ ಈ ಗಾಡಿಗಳು ಉಳಿದದ್ದು ಮನೆಯಂಗಳದ ರಿಪೇರಿಯಿಂದ, ಸಣ್ಣ ಗ್ಯಾರೇಜುಗಳ ಮೇಸ್ತ್ರಿಗಳಿಂದ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ ದಿನವೆಂದು ನೂರಾರು ಗಾಡಿಗಳು ಕೂಡುವುದು ಅವರ ಶ್ರದ್ಧೆಯ ಫಲ. 2018ರಲ್ಲಿ ಜಾವಾ ಎಂಬ ಹೆಸರು ತಿರುಗಿ ಅಂಗಡಿಗೆ ಬಂದಿತು, ಆದರೆ ಅದು ಮಧ್ಯಪ್ರದೇಶದ ಪೀತಂಪುರದಲ್ಲಿ ಆಗುವ ಬೇರೆಯೇ ಯಂತ್ರ. ಅದಕ್ಕೆ ನಾಲ್ಕು ಹೊಡೆತ, ನೀರಿನ ತಂಪು. ಫಟಫಟಿ ಎನ್ನುವಂತಿಲ್ಲ.

ಸರ್ಕಾರವೂ ಮೂಲರೂಪದ ಪಕ್ಷವನ್ನೇ ಹಿಡಿದಿದೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ 'ವಿಂಟೇಜ್' ಎಂಬ ಮನ್ನಣೆ, 'ವಿ.ಎ.' ಎಂಬ ಅಕ್ಷರಗಳಿರುವ ವಿಶೇಷ ಸಂಖ್ಯೆ ದೊರೆಯುತ್ತವೆ. ಷರತ್ತೆಂದರೆ ಅದು ಮೂಲರೂಪದಲ್ಲಿರಬೇಕು, ಚೌಕಟ್ಟು, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ದಿನನಿತ್ಯದ ಓಡಾಟಕ್ಕೂ ಬಳಸಬಾರದು. ಎಂದರೆ, ಓಡಲೆಂದು ಹುಟ್ಟಿದ್ದನ್ನು ನಿಲ್ಲಿಸಿಟ್ಟರೆ ಗೌರವ.

ಮೂಲರೂಪದ ಹುಚ್ಚಿನಿಂದ ನಾನೂ ಒಂದು ಪಾಠ ಕಲಿತೆ. ಕಡುಗೆಂಪು ಟ್ಯಾಂಕನ್ನು ಹೊಸದರಂತೆ ಮಾಡಿಕೊಡುವೆವೆಂದ ಪಟ್ಟಣದ ಗ್ಯಾರೇಜೊಂದಕ್ಕೆ ಕೊಟ್ಟಿದ್ದೆ, ಹೆಸರು ಬೇಡ. ಅವರು ಮರಳು ಊದಿ ಹಳೆಯ ಬಣ್ಣವನ್ನೆಲ್ಲ ಕಿತ್ತರು. ಅದರೊಂದಿಗೆ ಚಿನ್ನದ ಬಣ್ಣದ ಸಣ್ಣ ಗೆರೆ ಹೋಯಿತು, ಮಾವನ ಮೊಣಕಾಲು ತಿಕ್ಕಿ ತಿಕ್ಕಿ ಕನ್ನಡಿಯಾಗಿದ್ದ ಜಾಗವೂ ಹೋಯಿತು. ಬಂದ ಟ್ಯಾಂಕು ಹೊಳೆಯುತ್ತಿತ್ತು. ಅದು ಯಾರದಾದರೂ ಟ್ಯಾಂಕಾಗಬಹುದಿತ್ತು. ನಮ್ಮ ಅತ್ತೆ ಅದನ್ನು ನೋಡಿ, 'ಹೊಸಾದು ತಗೊಂಡಿ ಏನಪಾ?' ಎಂದು ಕೇಳಿದಳು.

ಅಂದಿನಿಂದ ನನ್ನ ವಿಚಾರ ಬದಲಾಯಿತು. ಮೈಸೂರಿನ ಕಾರಖಾನೆ ಈ ಗಾಡಿಗೆ ಕೊಟ್ಟದ್ದು ಕೆಲವು ದಿನಗಳ ದುಡಿಮೆ. ಹೂವಿನ ಹಿಪ್ಪರಗಿ ಕೊಟ್ಟದ್ದು ದಶಕಗಳ ಬಾಳು. ಕಾರಖಾನೆಯ ಗೆರೆಗೆ ಇತಿಹಾಸದ ಪಟ್ಟ ಕಟ್ಟಿ, ಕಮ್ಮಾರನ ಸುತ್ತಿಗೆಯ ಗುರುತಿಗೆ ಕೆಡುಕೆಂಬ ಹೆಸರಿಡುವುದು ಯಾವ ನ್ಯಾಯ? ಜಾವಾದಂಥ ಗಾಡಿ ಬೇರೆಡೆಯೂ ಸಿಕ್ಕೀತು. ಎರೆಮಣ್ಣಿಗೆ ಉತ್ತರವಾಗಿ ಕತ್ತರಿಸಿದ ಮಡ್‌ಗಾರ್ಡು ಮ್ಯೂಸಿಯಮ್ಮಿನಲ್ಲಿಯೂ ಸಿಗಲಾರದು. ಇಷ್ಟಾಗಿ ಪೂರ್ಣ ಮೂಲರೂಪವೆಂಬುದು ಈಗ ಸಾಧ್ಯವೂ ಇಲ್ಲ. ಇಂದಿನ ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ; ಅದು ನೀರನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಕಾರ್ಬುರೇಟರಿನ ವಾಷರುಗಳನ್ನು ಅದಕ್ಕೆ ತಡೆಯುವಂಥ ಹೊಸ ಜಾತಿಯವಕ್ಕೆ ಬದಲಾಯಿಸಲೇಬೇಕಾಯಿತು. ಆರು ವೋಲ್ಟಿನ ಮಿಣುಕುದೀಪವನ್ನು ಹನ್ನೆರಡಕ್ಕೆ ಏರಿಸುವ ಸಾಮಗ್ರಿಯೂ ಸಿಗುತ್ತದೆ. ಅದನ್ನು ಮಾತ್ರ ಬೇಡವೆಂದೆ. ರಾತ್ರಿ ಎಲ್ಲಿಗೆ ಹೋಗುವುದಿದೆ?

ಎಂಜಿನ್ನನ್ನು ಕಾರಖಾನೆಯ ಅಳತೆಗೆ ತಂದೆ, ಮಾವನ ಅಡ್ಡಪಟ್ಟಿಗೆ ಕರಿಬಣ್ಣ ಬಳಿದೆ, ಮಡ್‌ಗಾರ್ಡನ್ನು ಇದ್ದಂತೆಯೇ ಏರಿಸಿದೆ. ವಿ.ಎ. ಸಂಖ್ಯೆಗೆ ಅರ್ಜಿ ಹಾಕಲಿಲ್ಲ. ಹನ್ನೊಂದನೆಯ ಒದೆತಕ್ಕೆ ಗಾಡಿ ಎದ್ದಿತು. ಕಟ್ಟೆಯ ಮೇಲಿನ ಹಿರಿಯರೊಬ್ಬರು ಮಾವನ ಹೆಸರು ಹಿಡಿದು ಕೂಗಿದರಂತೆ. ಕಳೆದ ಮುಂಗಾರಿನಲ್ಲಿ ಅದನ್ನು ಎರೆಹೊಲದ ದಾರಿಗೆ ಒಯ್ದೆ. ಮಣ್ಣು ಚಕ್ರಕ್ಕೆ ಸುತ್ತಿ ಮೇಲೇರಿ, ಕತ್ತರಿಸಿದ ಅಂಚಿನಿಂದ ಹೆಂಟೆ ಹೆಂಟೆಯಾಗಿ ಹೊರಗೆ ಉದುರಿತು. ಚಕ್ರ ಒಮ್ಮೆಯೂ ನಿಲ್ಲಲಿಲ್ಲ. ಉದುರಿದ್ದರಲ್ಲಿ ಅರ್ಧ ನನ್ನ ಧೋತರದ ಮೇಲೆ ಬಿದ್ದಿತು.